ಅಮಾವಾಸ್ಯೆ, ಗ್ರಹಣಕ್ಕೆ ಮುಂಚೆ ಶೇರು ಮಾರಬೇಕಾ? ಯಾವ ಚಾನೆಲ್ ಹೇಳೋದನ್ನ ನಂಬಬಹುದು?

ನಾನು ಮಾರಿದ್ದೆ. ಅಮಾವಾಸ್ಯೆಗೆ ಎರಡು ದಿನ ಇರುವಾಗ, ಟಿವಿ ನೋಡಿಕೊಂಡೇ.

2024ರ ಜೂನ್ 4, ಲೋಕಸಭೆ ಮತ ಎಣಿಕೆಯ ದಿನ. ವಿಜಯಪುರದಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ, ಬಿತ್ತನೆ ಕಾಲ ಬೇರೆ, ತೊಗರಿ ಬೀಜಕ್ಕೆ ಜನ ನಿಂತಿದ್ದರು. ಮೂಲೆಯ ಟಿವಿ ಪೂರ್ತಿ ಕೆಂಪು. ‘ರಕ್ತದೋಕುಳಿ’, ‘31 ಲಕ್ಷ ಕೋಟಿ ಢಮಾರ್’. ಸೆನ್ಸೆಕ್ಸ್, ಅಂದರೆ ಮುಂಬೈ ಶೇರುಪೇಟೆಯ 30 ದೊಡ್ಡ ಕಂಪನಿಗಳ ಸೂಚ್ಯಂಕ, ಒಂದು ಹಂತದಲ್ಲಿ 6,000 ಅಂಕಕ್ಕಿಂತ ಜಾಸ್ತಿ ಇಳಿದಿತ್ತು. ನನ್ನ ಹತ್ತಿರ ನಿಫ್ಟಿ ಇಟಿಎಫ್‌ನ (50 ದೊಡ್ಡ ಕಂಪನಿಗಳ ಶೇರನ್ನ ಒಟ್ಟಿಗೆ ಕೊಳ್ಳೋ ಫಂಡ್, ಶೇರಿನ ಹಾಗೇ ಮಾರಬಹುದು) 1,600 ಯೂನಿಟ್ ಇದ್ದವು, ಸುಮಾರು 4 ಲಕ್ಷದ್ದು, ಆರು ವರ್ಷ ಕೂಡಿಸಿದ್ದು. ಅಷ್ಟರಲ್ಲಿ ಜ್ಯೋತಿಷಿಯನ್ನು ಕೂರಿಸಿದರು. ಗುರುವಾರ ಅಮಾವಾಸ್ಯೆ, ಅದೂ ಶನಿ ಜಯಂತಿ, ಇನ್ನೂ ಬೀಳುತ್ತೆ ಅಂದರು. ಎದುರಿಗಿದ್ದ ಅಜ್ಜ “ತಮ್ಮಾ, ಮಳಿ ಬರೂದ್ರೊಳಗ ಬೀಜ ಕೊಡ್ತೀಯೋ ಇಲ್ಲೋ?” ಅಂತ ಕೇಳುತ್ತಿದ್ದರು. “ಒಂದ್ ನಿಮಿಷ ಕಾಕಾ” ಅಂದು ಮೊಬೈಲ್ ತೆಗೆದು ಎಲ್ಲಾ ಮಾರಿಬಿಟ್ಟೆ. ನಿಜಕ್ಕೂ ಒಂದೇ ನಿಮಿಷ.

ಮಾರುಕಟ್ಟೆ ಬಿದ್ದಿದ್ದಕ್ಕೂ ಶನಿಗೂ ಏನೂ ಸಂಬಂಧ ಇರಲಿಲ್ಲ. ಎಕ್ಸಿಟ್ ಪೋಲ್ ನಂಬಿ ಹಿಂದಿನ ದಿನ 2,500 ಅಂಕ ಏರಿತ್ತು. ಎಣಿಕೆಯಲ್ಲಿ ಬಿಜೆಪಿ 240ಕ್ಕೆ ನಿಂತಿತು, ಬಹುಮತಕ್ಕೆ 272 ಬೇಕು, ಹಾಗಾಗಿ ಇಳಿಯಿತು. ದಿನದ ಕೊನೆಗೆ ಇಳಿಕೆ 4,389 ಅಂಕ. ‘ಇತಿಹಾಸದಲ್ಲೇ ದೊಡ್ಡದು’ ಅಂತ ಓಡಿಸಿದರು. ಅಂಕದಲ್ಲಿ ಹೌದು, ಶೇಕಡಾ ಲೆಕ್ಕದಲ್ಲಿ 5.7 ಅಷ್ಟೇ. 1992ರ ಏಪ್ರಿಲ್ 28ರಂದು ಬರೀ 570 ಅಂಕ ಬಿದ್ದಿತ್ತು, ಅದು ಶೇಕಡಾ 12ಕ್ಕಿಂತ ಜಾಸ್ತಿ! ಸೂಚ್ಯಂಕ ದೊಡ್ಡದಾದಷ್ಟೂ ಅಂಕ ದೊಡ್ಡದಾಗಿ ಕಾಣುತ್ತದೆ. ಚಾನೆಲ್‌ನವರಿಗೆ ಇದು ಗೊತ್ತಿಲ್ಲ ಅಂದುಕೊಂಡಿದ್ದೀರಾ?

ಅಮಾವಾಸ್ಯೆ ದಿನ, ಜೂನ್ 6ಕ್ಕೆ, ಸೆನ್ಸೆಕ್ಸ್ 692 ಅಂಕ ಏರಿತು. ಮರುದಿನ 76,693ಕ್ಕೆ ಮುಗಿಯಿತು, ಬೀಳುವ ಮೊದಲು ಇದ್ದದ್ದಕ್ಕಿಂತ ಮೇಲೆ.

ಮಾರಿದ್ದನ್ನಾದರೂ ಬಿಡಿ, ಹೆದರಿಕೆ ಯಾರಿಗಿಲ್ಲ. ನನ್ನನ್ನು ಹಾಳು ಮಾಡಿದ್ದು ಆಮೇಲಿನ ಕಾಯುವಿಕೆ. ‘ಇನ್ನೊಮ್ಮೆ ಬೀಳಲಿ, ತಗೊಳ್ಳೋಣ’ ಅಂದೆ. ಬೀಳಲಿಲ್ಲ. ಜುಲೈಯಲ್ಲಿ ಆಷಾಢ ಬಂತು, ಅತ್ತೆ ಹೊಸ ಕೆಲಸ ಬೇಡ ಅಂದರು. ನನಗೂ ಅದೇ ಬೇಕಿತ್ತು, ಮೇಲಿನ ರೇಟಿಗೆ ಕೊಳ್ಳೋಕೆ ನಾಚಿಕೆ ಆಗ್ತಿತ್ತಲ್ವಾ, ಆಷಾಢದ ಹೆಸರಲ್ಲಿ ಮುಚ್ಚಿಟ್ಟೆ. ಕೊನೆಗೆ ಗಣೇಶ ಚತುರ್ಥಿ ಮುಗಿದ ಸೋಮವಾರ ಕೊಂಡೆ. ಅದೇ ದುಡ್ಡಿಗೆ 1,600 ಯೂನಿಟ್ ಇದ್ದದ್ದು 1,380ರ ಹತ್ತಿರ ಸಿಕ್ಕಿತು. 220 ಯೂನಿಟ್ ಸುಮ್ನೆ ಹೋದವು.

ನಮ್ಮಜ್ಜನೂ ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರಿಯೋದನ್ನ ನೋಡುತ್ತಿದ್ದರು. ಬಿಳಿ ಎತ್ತು ಮುಂದೆ ಬಂದರೆ ಬಿಳಿಜೋಳ ಚೆನ್ನಾಗಿ ಬರುತ್ತೆ ಅಂತ ಖುಷಿಪಡುತ್ತಿದ್ದರು. ಆದರೆ ಯಾವ ಎತ್ತು ಗೆದ್ದರೂ ತೊಗರಿ ಬಿತ್ತೋದನ್ನ ಒಂದು ವರ್ಷವೂ ಬಿಡಲಿಲ್ಲ.

ಯಾವ ಚಾನೆಲ್ ನಂಬಬೇಕು ಅಂತ ಕೇಳಿದಿರಿ. ಯಾವುದೂ ಬೇಡ, ಪ್ರಶ್ನೆಯೇ ಸರಿ ಇಲ್ಲ. ಆ ದುಡ್ಡು ನಿಮಗೆ ಯಾವಾಗ ಬೇಕು? ಮುಂದಿನ ವರ್ಷ ಮಗಳ ಫೀಸಿಗೆ ಬೇಕಿದ್ದರೆ ಗ್ರಹಣ ಇರಲಿ ಬಿಡಲಿ ಇವತ್ತೇ ತೆಗೆದು ಎಫ್‌ಡಿಗೆ ಹಾಕಿ. ಹತ್ತು ವರ್ಷ ಬೇಡ ಅಂದರೆ ಮುಟ್ಟಬೇಡಿ. ನಮ್ಮ ಅಂಗಡಿ ಟಿವಿಯಲ್ಲಿ ಈಗ ಮಾರುಕಟ್ಟೆ ಸುದ್ದಿ ಬಂದರೆ ಹುಡುಗ ಚಾನೆಲ್ ಬದಲಿಸಿ ಕ್ರಿಕೆಟ್ ಹಾಕ್ತಾನೆ. ಅತ್ತೆ ಮಾತ್ರ ಗ್ರಹಣದ ಹಿಂದಿನ ದಿನ ತಪ್ಪದೇ ಫೋನ್ ಮಾಡ್ತಾರೆ. ಮಾರಿದ್ದೀನಿ ಅಂತ ಸುಳ್ಳು ಹೇಳ್ತೀನಿ.