20 ಲೀಟರ್ ಲೆಕ್ಕ ಬಿಡಿ, ಹಸು ಎಷ್ಟು ದಿನ ಗಬ್ಬ ಇಲ್ಲದೆ ಖಾಲಿ ಇತ್ತು ಅಂತ ಬರೆದಿಡಿ

ಕುಮಟಾ ಹತ್ತಿರ ಒಂದೂವರೆ ಎಕರೆಯಲ್ಲಿ ಹತ್ತು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ಅನ್ನುವ ವಿದೇಶಿ ತಳಿ) ಹಸು ಕಟ್ಟುತ್ತೇನೆ, ಕೋಲಾರದ ಕಡೆಯ ದೊಡ್ಡ ಫಾರ್ಮ್‌ಗಳ ಎದುರು ನಿಲ್ಲಬೇಕಾದರೆ ಒಂದೊಂದು ಹಸು ಎಷ್ಟು ಲೀಟರ್ ಕೊಡಬೇಕು ಅಂತ ಕೇಳಿದ್ದೀರಿ. 2014ರಲ್ಲಿ ನಾನೂ ಊರೆಲ್ಲ ಸುತ್ತಿ ಕೇಳಿದ್ದು ಇದನ್ನೇ.

ನಮ್ಮದು ಶಿರಸಿಯಿಂದ ಯಲ್ಲಾಪುರದ ಕಡೆ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕೊಟ್ಟಿಗೆಯಲ್ಲಿ ನಾಲ್ಕು ಮಲೆನಾಡು ಗಿಡ್ಡ, ಅಂದರೆ ಸಣ್ಣ ಮೈಯ ನಾಟಿ ಹಸು. ಅವು ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಸಂಜೆ ತಾವೇ ಬರುತ್ತಿದ್ದವು. ಮನೆಗೆ ಬೇಕಾದಷ್ಟು ಹಾಲು, ತೋಟಕ್ಕೆ ಗೊಬ್ಬರ, ಅಷ್ಟೇ. ನಾನು ಸಾಲ ಮಾಡಿ ಬಯಲುಸೀಮೆಯಿಂದ ಆರು ಎಚ್‌ಎಫ್ ತಂದೆ. ದಲ್ಲಾಳಿ ಎದುರಿಗೇ ಕರೆದು ತೋರಿಸಿದ್ದ, ಒಂದೊಂದೂ 18 ಲೀಟರ್ ಮೇಲೆ. ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿದೆ, ಒಬ್ಬ ಕೆಲಸದವನನ್ನು ಇಟ್ಟುಕೊಂಡೆ, ದಿನದ ಹಾಲು ಬರೆಯಲು ಒಂದು ಪಟ್ಟಿ ತಂದೆ. ಮೊದಲ ಮೂರು ತಿಂಗಳು ಆ ಪಟ್ಟಿ ನೋಡುವುದೇ ಒಂದು ಸಂತೋಷ.

ತಪ್ಪು ಆದದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ದುಡ್ಡು ಹೋಗಿದ್ದೇ ಅಲ್ಲಿ.

ಹಸು ಕರು ಹಾಕಿ ಎರಡು ತಿಂಗಳ ಮೇಲೆ ಮತ್ತೆ ಗಬ್ಬ ಕಟ್ಟಬೇಕು. ಬೆದೆಗೆ (ಹೋರಿ ಬಯಸುವ ಸ್ಥಿತಿಗೆ) ಬರುವುದು ಸುಮಾರು 21 ದಿನಕ್ಕೊಮ್ಮೆ, ಬಂದರೆ ಇರುವುದು ಅರ್ಧ ದಿನ, ಹೆಚ್ಚೆಂದರೆ 18 ಗಂಟೆ. ಅದು ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಗಿಡ್ಡ ಹಸುಗಳಿದ್ದಾಗ ಇದು ನಮಗೆ ಕೆಲಸವೇ ಆಗಿರಲಿಲ್ಲ, ಬೆಟ್ಟದಲ್ಲಿ ಹೋರಿ ಇರುತ್ತಿತ್ತು, ಅದೇ ನೋಡಿಕೊಳ್ಳುತ್ತಿತ್ತು. ಹಗಲೂ ರಾತ್ರಿಯೂ ಕಟ್ಟಿ ಹಾಕಿದ ಹಸುವಿನ ವಿಷಯ ಹಾಗಲ್ಲ. ಅದು ಇನ್ನೊಂದರ ಮೇಲೆ ಹತ್ತುವುದಿಲ್ಲ, ಓಡಾಡುವುದಿಲ್ಲ, ಎಷ್ಟೋ ಸಲ ಕೂಗುವುದೂ ಇಲ್ಲ. ಬೇಸಿಗೆಯಲ್ಲಂತೂ ಬೆದೆ ಬಂದು ಹೋಗಿದ್ದೇ ತಿಳಿಯುವುದಿಲ್ಲ. ಉಳಿಯುವ ಗುರುತು ಒಂದೇ, ಲೋಳೆ. ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ದಾರದಂತೆ ಇಳಿಯುತ್ತದೆ. ಹಸು ಬೆಳಗಿನ ಜಾವ ಮಲಗಿದ್ದಾಗ ಅದರ ಹಿಂದೆ ನೆಲದ ಮೇಲೆ ಒಂದು ಅಂಗೈ ಅಗಲ ಬಿದ್ದಿರುತ್ತದೆ, ಟಾರ್ಚ್ ಬಿಟ್ಟರೆ ಹೊಳೆಯುತ್ತದೆ.

ನಮ್ಮ ಕೊಟ್ಟಿಗೆಯಲ್ಲಿ ಆರು ಗಂಟೆಗೆ ಕೆಲಸದವನು ಪೈಪ್ ಹಿಡಿದು ನೆಲ ತೊಳೆದುಬಿಡುತ್ತಿದ್ದ. ಕರೆಯುವ ಮೊದಲು ನೆಲ ಚೊಕ್ಕ ಇರಬೇಕು ಅಂತ ಹೇಳಿದವನು ನಾನೇ. ನಾನು ಹೋಗುತ್ತಿದ್ದುದು ಏಳಕ್ಕೆ. ಅಂದರೆ ಪ್ರತಿ ದಿನ ನಾನು ಹೋಗುವಷ್ಟರಲ್ಲಿ ನನಗೆ ಬೇಕಾದ ಗುರುತು ಚರಂಡಿಯಲ್ಲಿ ಹೋಗಿರುತ್ತಿತ್ತು. ಒಂದು ದಿನ ಆಯಿ ಕೇಳಿದಳು, "ತಮಾ, ಆ ಕರಿ ಹಸು ರಾತ್ರಿಯೆಲ್ಲ ಕೂಗ್ತಾ ಇತ್ತು, ನಿಂಗೆ ಕೇಳಿದ್ದಿಲ್ಯ?" ನಾನು ಮಧ್ಯಾಹ್ನ ಫೋನ್ ಮಾಡಿದೆ, ಗಬ್ಬ ಕಟ್ಟಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡುವವರು ಬಂದಿದ್ದು ಮರುದಿನ. ಹೊತ್ತು ಮೀರಿತ್ತು. ಇನ್ನು ಇಂಜೆಕ್ಷನ್ ಕೊಡಿಸಿದ ಹಸುಗಳು ಮತ್ತೆ ಬೆದೆಗೆ ಬರಲಿಲ್ಲ, ಹಾಗಾದರೆ ಗಬ್ಬ ನಿಂತಿದೆ ಅಂತ ನಾನು ಖಾತ್ರಿ ಮಾಡಿಕೊಂಡೆ. ಅವು ಬರುತ್ತಲೇ ಇದ್ದವು, ನಾನು ನೋಡಿರಲಿಲ್ಲ ಅಷ್ಟೇ. ಎಂಟು ತಿಂಗಳಾದ ಮೇಲೆ ಪಶುವೈದ್ಯರು ಬಂದು ಕೈ ಹಾಕಿ ನೋಡಿದರು. ಆರರಲ್ಲಿ ನಾಲ್ಕು ಖಾಲಿ.

ಆ ಹೊತ್ತಿಗೆ ಹಾಲು ಐದಾರು ಲೀಟರಿಗೆ ಇಳಿದಿತ್ತು. ಹಿಂಡಿ, ಹುಲ್ಲು, ಸಂಬಳ, ಸಾಲದ ಕಂತು ಯಾವುದೂ ಇಳಿಯಲಿಲ್ಲ. ಅವತ್ತೇ ಗಬ್ಬ ಕಟ್ಟಿದರೂ ಕರು ಹಾಕಲು ಇನ್ನೂ ಒಂಬತ್ತು ತಿಂಗಳ ಮೇಲೆ ಬೇಕು. ಮೂರನ್ನು ಅರ್ಧ ಬೆಲೆಗೆ ಕೊಟ್ಟೆ. ಒಂದು ಉಣುಗಿನ ಜ್ವರಕ್ಕೆ ಹೋಯಿತು. ಥೈಲೇರಿಯಾ ಅನ್ನುತ್ತಾರೆ, ನಮ್ಮ ಗಿಡ್ಡ ತಡೆದುಕೊಳ್ಳುತ್ತದೆ, ಹೊರಗಿನ ರಕ್ತದ ಹಸು ತಡೆಯುವುದಿಲ್ಲ.

ಆಮೇಲೆ ಉಳಿದ ಎರಡರ ಜೊತೆ ಊರಲ್ಲೇ ಹುಟ್ಟಿದ ಒಂದು ಜರ್ಸಿ ಕ್ರಾಸ್ ತಂದೆ. ಅದು 11 ಲೀಟರ್ ದಾಟಿದ್ದೇ ಇಲ್ಲ. ಆದರೆ 13 ತಿಂಗಳಿಗೊಮ್ಮೆ ಕರು ಹಾಕಿತು. 18 ಲೀಟರಿನ ಎಚ್‌ಎಫ್ ಹಾಕಿದ್ದು 19 ತಿಂಗಳಿಗೆ. ಒಂದು ಕರುವಿನಿಂದ ಇನ್ನೊಂದು ಕರುವಿನವರೆಗೆ ಬಂದ ಒಟ್ಟು ಹಾಲನ್ನು ಅಷ್ಟೂ ದಿನಗಳಿಂದ ಭಾಗಿಸಿ ನೋಡಿದೆ. ಎಚ್‌ಎಫ್‌ಗೆ ದಿನಕ್ಕೆ ಆರೂವರೆ ಲೀಟರ್ ಬಂತು, ಜರ್ಸಿಗೆ ಆರು ಚಿಲ್ಲರೆ. ಬಹಳ ಹೊತ್ತು ಆ ಲೆಕ್ಕ ನೋಡುತ್ತಾ ಕೂತಿದ್ದೆ. ಎಚ್‌ಎಫ್‌ನದ್ದು ದೊಡ್ಡ ಮೈ, ಅದು ಹಾಲು ಕೊಡದೇ ನಿಂತರೂ ಹೊಟ್ಟೆಗೆ ಜಾಸ್ತಿಯೇ ಬೇಕು.

ಅದಕ್ಕೇ ಹೇಳುವುದು, ನೀವು ಕೇಳಿದ ಪ್ರಶ್ನೆಯೇ ಸರಿಯಿಲ್ಲ. ಡೈರಿಗೆ ಹಾಕಿದ ಹಾಲಿಗೆ ದರ ನಾವು ಇಡುವುದಲ್ಲ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನಾಂಶ) ನೋಡಿ ಕೊಡುತ್ತಾರೆ. ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನವೂ ಎಲ್ಲರಿಗೂ ಒಂದೇ. ಹಾಗಿರುವಾಗ ಕೋಲಾರದವನ ಎದುರು ನೀವು ಗೆಲ್ಲುವುದೋ ಸೋಲುವುದೋ ಒಂದು ಲೀಟರಿಗೆ ಬಿದ್ದ ಖರ್ಚಿನಲ್ಲಿ ಮಾತ್ರ. ಆ ಖರ್ಚಿನಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಮೇವು ಮತ್ತು ಹಿಂಡಿಯದ್ದು. ಕೋಲಾರದಲ್ಲಿ ಒಣ ಹವೆ, ಮುಸುಕಿನ ಜೋಳ ಬೆಳೆದು ಸೈಲೇಜ್ (ಗಾಳಿ ಆಡದಂತೆ ಹುದುಗಿಸಿದ ಹಸಿ ಮೇವು) ತುಂಬಿಡುತ್ತಾರೆ. ಕುಮಟಾದ ಸೆಕೆಯಲ್ಲಿ ಎಚ್‌ಎಫ್ ಏದುಸಿರು ಬಿಡುತ್ತದೆ, ಮೇವು ಬಿಡುತ್ತದೆ, ಬೆದೆಯೂ ಏರುಪೇರಾಗುತ್ತದೆ. ಕರಾವಳಿಗೆ ಜರ್ಸಿ ಕ್ರಾಸ್ ಸಾಕು, ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಹತ್ತು ಹಸು ಒಟ್ಟಿಗೆ ತರಲೇಬೇಡಿ. ಒಂದು ಹಸುವಿಗೆ ದಿನಕ್ಕೆ 25 ಕೆಜಿ ಹಸಿ ಹುಲ್ಲು ಅಂತ ಇಟ್ಟರೂ ಹತ್ತಕ್ಕೆ ಎರಡೂವರೆ ಕ್ವಿಂಟಲ್, ಅದೂ ಏಪ್ರಿಲ್‌ನಲ್ಲೂ ಬೇಕು. ಒಂದೂವರೆ ಎಕರೆಯಲ್ಲಿ ಕೊಟ್ಟಿಗೆ, ಗೊಬ್ಬರಗುಂಡಿ ಕಳೆದು ಎಷ್ಟು ಉಳಿಯುತ್ತದೆ ನೋಡಿ. ಮೊದಲು ನೇಪಿಯರ್ ಹುಲ್ಲು ನೆಡಿ. ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ ಬರುತ್ತದೆ. ಎರಡನೇ ಕೊಯ್ಲು ಬಂದ ಮೇಲೆ ಎರಡು ಹಸು ತನ್ನಿ. ಎರಡನೇ ಕರುವಿನದ್ದಾಗಿರಲಿ, ಹತ್ತಿರದ ಊರಿನದ್ದಾಗಿರಲಿ. ಮಾರುವವರ ಹತ್ತಿರ ಎಷ್ಟು ಲೀಟರ್ ಅಂತ ಕೇಳುವ ಮೊದಲು ಹಿಂದಿನ ಕರು ಯಾವಾಗ ಹಾಕಿತ್ತು ಅಂತ ಕೇಳಿ.

ಗೊಬ್ಬರವನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. ನಮ್ಮ ಜಿಲ್ಲೆಯಲ್ಲಿ ಅದು ದೊಡ್ಡ ತಪ್ಪು. ಘಟ್ಟದ ಮೇಲಾಗಲಿ ಕೆಳಗಾಗಲಿ ಅಡಿಕೆ ತೋಟದವರು ಕೊಟ್ಟಿಗೆ ಗೊಬ್ಬರ ಹುಡುಕಿಕೊಂಡು ಬರುತ್ತಾರೆ. ಸೊಪ್ಪು, ದರಕು (ಒಣಗಿದ ಎಲೆ) ಹಾಸಿ ಮಾಡಿದ ಗೊಬ್ಬರಕ್ಕೆ ಬೆಲೆಯೇ ಬೇರೆ. ಸಿಮೆಂಟ್ ನೆಲ ತೊಳೆದು ಸಗಣಿಯನ್ನೆಲ್ಲ ನೀರು ಮಾಡಿ ನಾನು ಎರಡು ವರ್ಷ ಅದನ್ನೂ ಕಳೆದುಕೊಂಡಿದ್ದೆ.

ಬೆಳಿಗ್ಗೆ ನಾಲ್ಕೂವರೆಗೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ ನೀವೇ ಹೋಗಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಕೆಲಸದವರ ಮೇಲೆ ಬಿಡಬೇಡಿ. ಬೆಳಿಗ್ಗೆ ಲೋಳೆ ಕಂಡರೆ ಸಂಜೆ ಇಂಜೆಕ್ಷನ್, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಬಾಲಕ್ಕೆ ರಕ್ತದ ಗುರುತು ಕಂಡರೆ ಬೆದೆ ಹೋಗಿ ಒಂದೆರಡು ದಿನ ಆಗಿದೆ ಅಂತ ಅರ್ಥ, ಆಗ 18 ದಿನ ಎಣಿಸಿ ಅಲ್ಲಿಂದ ಕಾಯಿರಿ. ಇಂಜೆಕ್ಷನ್ ಕೊಡಿಸಿದ ಮೂರು ತಿಂಗಳಿಗೆ ತಪ್ಪದೆ ಗಬ್ಬದ ಪರೀಕ್ಷೆ ಮಾಡಿಸಿ. ನಮ್ಮ ಕೊಟ್ಟಿಗೆಯ ಕಂಬಕ್ಕೆ ಈಗ ಎರಡು ಕ್ಯಾಲೆಂಡರ್ ಇವೆ, ಒಂದು ಹಾಲಿನದ್ದು, ಒಂದು ಬೆದೆಯದ್ದು. ಈಗ ಐದು ಹಸು ಇವೆ, ಇವತ್ತಿಗೆ ಖಾಲಿ ಇರುವುದು ಒಂದು, ಅದೂ ಕರು ಹಾಕಿ 40 ದಿನದ್ದು.

ಬೇಸಿಗೆಯಲ್ಲಿ ನಿಮ್ಮ ಬಾವಿಯಲ್ಲಿ ನೀರು ಎಷ್ಟಿರುತ್ತದೆ ಅಂತ ನೀವು ಬರೆದಿಲ್ಲ. ಅದನ್ನು ಹೇಳಿ, ಎಷ್ಟು ಹಸುವಿಗೆ ಹುಲ್ಲು ಬೆಳೆಯಬಹುದು ಅಂತ ಲೆಕ್ಕ ಹಾಕಿ ಕೊಡುತ್ತೇನೆ.