ಕಗ್ಗತ್ತಲಿನ ಸಮುದ್ರದ ತಳದಲ್ಲಿ ಬಿಸಿನೀರಿನ ಬುಗ್ಗೆ ಎಲ್ಲಿದೆ ಅಂತ ಹೇಗೆ ಪತ್ತೆ ಹಚ್ಚುತ್ತಾರೆ?

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಮುಧೋಳದ ಹತ್ತಿರದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಮಕ್ಕಳು ಇದನ್ನೇ ಕೇಳಿದಾಗ ಬೆಲ್ಲದ ಗಾಣದಿಂದ ಶುರು ಮಾಡುತ್ತೇನೆ. ನಮ್ಮ ಕಡೆ ಆಳೆತ್ತರದ ಕಬ್ಬಿನ ನಡುವೆ ಗಾಣ ಕಣ್ಣಿಗೆ ಬೀಳುವುದಿಲ್ಲ. ಮೊದಲು ವಾಸನೆ ಬರುತ್ತದೆ, ಆಮೇಲೆ ಹೊಗೆ ಕಾಣುತ್ತದೆ. ಆ ಜಾಡು ಹಿಡಿದು ಹೋದರೆ ಕುದಿಯುವ ಕೊಪ್ಪರಿಗೆ ಸಿಗುತ್ತದೆ, ಅಲ್ವಾ? ಸಮುದ್ರದಲ್ಲೂ ಹುಡುಕುವುದು ಹೊಗೆಯನ್ನೇ.

ಬುಗ್ಗೆಯ ನೀರು ಬಿಸಿ, ಹಾಗಾಗಿ ಹಗುರ. ಅದು ನೂರಾರು ಮೀಟರ್ ಮೇಲೇರುತ್ತದೆ. ತಣ್ಣೀರಿನ ಜೊತೆ ಬೆರೆತು ಒಂದು ಮಟ್ಟದಲ್ಲಿ ನಿಂತು ಹೊಗೆಯ ಹಾಗೆ ಅಡ್ಡಕ್ಕೆ ಹರಡುತ್ತದೆ. ಹಡಗಿನವರು ಮೊದಲು ಶಬ್ದದ ಅಲೆ ಕಳಿಸಿ ಪ್ರತಿಧ್ವನಿ ಅಳೆಯುವ ಸೋನಾರ್‌ನಿಂದ ತಳದ ನಕ್ಷೆ ಮಾಡುತ್ತಾರೆ. ಆಮೇಲೆ ಸೆನ್ಸರ್‌ಗಳನ್ನು ಕೇಬಲ್‌ಗೆ ಕಟ್ಟಿ, ಮೇಲೆ ಕೆಳಗೆ ಆಡಿಸುತ್ತಾ ನಿಧಾನವಾಗಿ ಎಳೆದುಕೊಂಡು ಹೋಗುತ್ತಾರೆ. ನೀರು ಎಲ್ಲಿ ಕದಡಿದೆ, ಎಲ್ಲಿ ಚೂರು ಬೆಚ್ಚಗಿದೆ ಎಂದು ನೋಡುತ್ತಾರೆ. ಒಂದು ಡಿಗ್ರಿಯ ನೂರನೇ ಒಂದು ಭಾಗದ ವ್ಯತ್ಯಾಸವೂ ಸುಳಿವೇ. ನನಗೆ ಎಲ್ಲಕ್ಕಿಂತ ಇಷ್ಟವಾದ ಸುಳಿವು ಹೀಲಿಯಂ-3. ಭೂಮಿಯ ಒಡಲಿನಿಂದ ಬರುವ ಈ ಅನಿಲ ಬೇರೆ ಯಾವುದರ ಜೊತೆಗೂ ಕೂಡಿಕೊಳ್ಳುವುದಿಲ್ಲ. ಅದಕ್ಕೇ ಸಾವಿರಾರು ಕಿಲೋಮೀಟರ್ ದೂರದ ನೀರಿನಲ್ಲೂ ಅದರ ಗುರುತು ಸಿಗುತ್ತದೆ. ಜಾಗ ಖಚಿತವಾದ ಮೇಲೆ ಕ್ಯಾಮೆರಾ ಇರುವ ರೋಬೋ ಇಳಿಸುತ್ತಾರೆ.

ಇಂಥ ಬುಗ್ಗೆಗಳನ್ನು ಮೊದಲು ಕಣ್ಣಾರೆ ಕಂಡದ್ದು 1977ರಲ್ಲಿ, ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳದಲ್ಲಿ. ಅಲ್ಲಿ ಎರಡು ಭೂಫಲಕಗಳು, ಅಂದರೆ ಭೂಮಿಯ ಹೊರಪದರದ ದೊಡ್ಡ ತುಂಡುಗಳು, ದೂರ ಸರಿಯುತ್ತಿವೆ. ಜ್ವಾಲಾಮುಖಿಗಳ ಸಾಲಿನಲ್ಲೂ ಬುಗ್ಗೆಗಳಿವೆ, ಆದರೆ ಆ ಸಾಲಿನ ಕಥೆ ಬೇರೆ. ಅಲ್ಲಿ ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುತ್ತದೆ. ಅದು ಒಯ್ದ ನೀರು ಮೇಲಿನ ಬಿಸಿ ಬಂಡೆಗೆ ಸೇರಿ, ಬಂಡೆ ಕರಗುವುದು ಸುಲಭವಾಗುತ್ತದೆ. ಅದರಿಂದ ಸಾಲಾಗಿ ಜ್ವಾಲಾಮುಖಿಗಳು ಏಳುತ್ತವೆ. ನಮ್ಮ ಅಂಡಮಾನ್ ಕಡೆಯ ಬ್ಯಾರನ್ ದ್ವೀಪವೂ ಇಂಥದೇ ಸಾಲಿನದು.

ಈ ಸಾಲುಗಳ ಬುಗ್ಗೆಗಳಲ್ಲಿ ಶಿಲಾರಸದ ಅನಿಲ ಜಾಸ್ತಿ. ಪೆಸಿಫಿಕ್‌ನ ಮರಿಯಾನಾ ಸಾಲಿನಲ್ಲಿ 2004ರಲ್ಲಿ ಒಂದು ಬುಗ್ಗೆ ಸಿಕ್ಕಿತು. ಸುಮಾರು 1,600 ಮೀಟರ್ ಆಳ. ನೆಲದಿಂದ ಗುಳ್ಳೆಯಂಥವು ಏಳುತ್ತಿದ್ದವು. ನೋಡಿದರೆ ಗುಳ್ಳೆಯಲ್ಲ, ದ್ರವರೂಪದ ಇಂಗಾಲದ ಡೈಆಕ್ಸೈಡ್ ಹನಿಗಳು! ಅಲ್ಲಿನ ಒತ್ತಡ, ಚಳಿಗೆ ಅನಿಲವೇ ದ್ರವವಾಗಿ ಇರುತ್ತದೆ. ಮೇಲಕ್ಕೆ ತಂದರೆ ದಾರಿಯಲ್ಲೇ ಮತ್ತೆ ಅನಿಲವಾಗಿ ಉಬ್ಬಿಬಿಡುತ್ತದೆ.