ಹಳೆಯ ಬ್ಲಾಗನ್ನು ಅಳಿಸಬೇಡಿ

ಓದುಗರ ಪತ್ರ: "ಮಾನ್ಯ ಸಂಪಾದಕರೇ, 2008ರಿಂದ ಬ್ಲಾಗ್ ಬರೆಯುತ್ತಿದ್ದೇನೆ. ಈಗ ವಾರಕ್ಕೆ ನಾಲ್ಕು ಮಂದಿ ಇಣುಕಿದರೆ ಹೆಚ್ಚು. ನೇಜಿ (ಭತ್ತದ ಸಸಿ) ನೆಡುವುದರ ಬಗೆಗಿನ ನನ್ನ ಹಳೆಯ ಬರಹವನ್ನು ಮೊನ್ನೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಹತ್ತೇ ನಿಮಿಷದಲ್ಲಿ ಮೂವತ್ತು ಹೆಬ್ಬೆರಳು ಬಂದವು. ಬ್ಲಾಗನ್ನು ಅಳಿಸಿಬಿಡಲೇ?" (ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ)

ಸಂಪಾದಕರ ಉತ್ತರ: ಮಾನ್ಯರೇ, ವಾಟ್ಸ್‌ಆ್ಯಪ್‌ನಲ್ಲಿ ಬರಹ ಬೇಗ ತಲುಪುತ್ತದೆ, ಬ್ಲಾಗಿನ ಗೊಡವೆಗೇ ಹೋಗದ ಅಕ್ಕ-ಭಾವಂದಿರೂ ಓದುತ್ತಾರೆ, ಒಪ್ಪಿದೆ. ಆದರೆ ಆ ಮೂವತ್ತು ಹೆಬ್ಬೆರಳುಗಳಲ್ಲಿ ನಿಮ್ಮ ಕೊನೆಯ ಸಾಲಿನವರೆಗೆ ಬಂದವು ಎಷ್ಟು ಎಂದು, ಲೆಕ್ಕ ತಾಳೆ ನೋಡುವುದರಲ್ಲೇ ಆಯುಷ್ಯ ಕಳೆದ ನೀವು ಒಮ್ಮೆಯಾದರೂ ಪರಿಶೀಲಿಸಿದ್ದೀರಾ?

ಬ್ಲಾಗರ್ ಸೇವೆ 1999ರಲ್ಲಿ ಆರಂಭವಾಗಿ 2003ರಲ್ಲಿ ಗೂಗಲ್‌ನ ಪಾಲಾಗಿತ್ತಾದರೂ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ವ್ಯವಸ್ಥೆ ಯೂನಿಕೋಡ್ ಕೈಗೆ ಹತ್ತಿದ ಮೇಲೆಯೇ ಅದು ಕನ್ನಡದವರಿಗೆ ನಿಜವಾಗಿ ಒದಗಿದ್ದು. ಅದಕ್ಕೆ ಮೊದಲು ನಾವು ಟೈಪಿಸಿದ್ದು, ಆ ಫಾಂಟ್ ಇಲ್ಲದವರ ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಅಷ್ಟು ಕಷ್ಟಪಟ್ಟವರು ತಮ್ಮ ಪುಟದ ಬದಿಯಲ್ಲಿ ಬೇರೆ ಹತ್ತು ಬ್ಲಾಗುಗಳ ಕೊಂಡಿಗೂ ಜಾಗ ಕೊಡುತ್ತಿದ್ದರು. ಮಂಗಳೂರಿನವರ ಪುಟದಿಂದ ಶಿರಸಿಯವರಲ್ಲಿಗೆ, ಅಲ್ಲಿಂದ ಮಸ್ಕತ್‌ನಲ್ಲಿದ್ದ ಕುಂದಾಪುರದವರಲ್ಲಿಗೆ ಹೋಗಿ ಬರುವಷ್ಟರಲ್ಲಿ ಊಟದ ಹೊತ್ತು ಮೀರುತ್ತಿತ್ತು. ಹೊಸ ಬರಹಗಳನ್ನೆಲ್ಲ ಒಂದೇ ಕಡೆ ತಂದುಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಮುಚ್ಚಿತು. ಅಷ್ಟರಲ್ಲಿ ಫೇಸ್‌ಬುಕ್ ನಮ್ಮ ಓದುಗರನ್ನೂ, ಸಂಕೋಚ ಬಿಟ್ಟು ಹೇಳುವುದಾದರೆ ನಮ್ಮನ್ನೂ, ಒಯ್ದಾಗಿತ್ತು.

ನಾನೊಮ್ಮೆ ಬ್ಲಾಗಿನಲ್ಲಿ ಮರಕೆಸುವಿನ ಪತ್ರೊಡೆಯ ಬಗ್ಗೆ ಬರೆದಿದ್ದೆ. ನಾಲ್ಕು ಮಳೆಗಾಲ ಕಳೆದ ಮೇಲೆ ಮುಂಬಯಿಯ ಗೃಹಿಣಿಯೊಬ್ಬರು ಅದನ್ನು ಹುಡುಕಿ ತೆಗೆದು, "ಹುಣಸೆಹುಳಿಯನ್ನೇ ಮರೆತಿದ್ದೀರಲ್ಲ, ತಿಂದವರ ಗಂಟಲು ತುರಿಸಿದರೆ ಯಾರು ಹೊಣೆ?" ಎಂದು ಗದರಿದರು. ತಪ್ಪು ನನ್ನದೇ, ಅಂದೇ ತಿದ್ದಿದೆ, ಅವರ ಮಾತನ್ನೂ ಕೆಳಗೆ ಉಳಿಸಿಕೊಂಡೆ. ವಾಟ್ಸ್‌ಆ್ಯಪ್‌ನಲ್ಲಾಗಿದ್ದರೆ ಆ ಪತ್ರೊಡೆ ಸಂಜೆಯೊಳಗೆ ಶುಭೋದಯದ ಗುಲಾಬಿಗಳಡಿ ಹೂತುಹೋಗುತ್ತಿತ್ತು, ಇಲ್ಲವೇ ನನ್ನ ಹೆಸರು ಕಳಚಿಕೊಂಡು, ಹುಳಿಯಿಲ್ಲದೆಯೇ, ಊರೂರು ಸುತ್ತುತ್ತಿತ್ತು. ನಮ್ಮ ಕಚೇರಿಗೂ ಹಾಗೆ ಹೆಸರು ಕಳೆದುಕೊಂಡ ಲೇಖನಗಳು ಬರುತ್ತವೆ. ಬರೆದವರು ಯಾರೆಂದು ಕೇಳಿದರೆ "ಗುಂಪಿನಲ್ಲಿ ಬಂದದ್ದು ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ.

1843ರ ಜುಲೈ 1ರಂದು ಇದೇ ಮಂಗಳೂರಿನಿಂದ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ದ ಹೆಸರನ್ನು ಪ್ರತಿ ಪತ್ರಿಕಾ ದಿನಾಚರಣೆಯ ವೇದಿಕೆಯಲ್ಲಿ ಎತ್ತಿ ಹಾರ ಹಾಕಿಸಿಕೊಳ್ಳುವ ನಾವು, ನಮ್ಮದೇ ಕಾಲದ ಬರಹವನ್ನು ಕೂಡಿಡುವ ಗೋಜಿಗೆ ಹೋಗುವುದಿಲ್ಲ. ಬೇಸಾಯದ ಗದ್ದೆಗಳೇ ಸೈಟುಗಳಾಗುತ್ತಿರುವ ಜಿಲ್ಲೆಯಲ್ಲಿ ನಿಮ್ಮ ನೇಜಿಯ ವಿವರಗಳನ್ನು ಮುಂದಿನವರು ಎಲ್ಲಿ ಹುಡುಕಬೇಕು?

ಹಾಗೆಂದು ನಿಶ್ಚಿಂತರಾಗಿರಬೇಡಿ. ಗೂಗಲ್ ನಮಗೆ ಕೊಟ್ಟಿರುವುದು ಶಾಶ್ವತ ಹಕ್ಕಿನ ಮೂಲಗೇಣಿಯಲ್ಲ, ಒಡೆಯನ ಮರ್ಜಿಯ ಚಾಲಗೇಣಿ. ಏಳಿ ಎಂದರೆ ಏಳಬೇಕು. 2009ರಲ್ಲಿ ಯಾಹೂ ತನ್ನ ಉಚಿತ ವೆಬ್ ಪುಟಗಳ ತಾಣ ಜಿಯೋಸಿಟೀಸನ್ನು ಮುಚ್ಚಿದಾಗ ಅಲ್ಲಿದ್ದವರಿಗೆ ಆದದ್ದು ಅದೇ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ತೆಗೆಯುವ ಅನುಕೂಲವಿದೆ. ಆ ಫೈಲನ್ನು ಇಳಿಸಿಕೊಂಡು ಎರಡು ಕಡೆ ಇಡಿ. ನೇಜಿಯ ಬರಹದ ಕೊಂಡಿಯನ್ನು ನಮಗೂ ಕಳುಹಿಸಿ, ನಿಮ್ಮ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೂ ಅಡ್ಡಿಯಿಲ್ಲ.